ಅಪ್ಪನ ಹೆಸರಿನ ಕಾಲಂ

ರಾಮದುರ್ಗ ತಾಲ್ಲೂಕಿನ ಸಾಲಹಳ್ಳಿಯಿಂದ ಡಿಗ್ರಿ ಓದುವ ಹುಡುಗನೊಬ್ಬ ನಮ್ಮ ಚಾನೆಲ್ಲಿಗೆ ಒಂದು ವಾಯ್ಸ್ ಮೆಸೇಜ್ ಕಳಿಸಿದ್ದ. ದೇವದಾಸಿ ಮಸೂದೆಗೆ ವಿಧಾನಮಂಡಲ ಒಪ್ಪಿಗೆ ಕೊಟ್ಟ ಸುದ್ದಿ ಓದಿದ ಮರುದಿನ ಅದು ಬಂತು. ಒಂದೇ ಪ್ರಶ್ನೆ. "ಸರ, ನಮ್ಮ ಕಡಿಂದ ಬನದ ಹುಣ್ಣಿಮಿಗೆ ಎಲ್ಲವ್ವನ ಗುಡ್ಡಕ್ಕ ಚಕ್ಕಡಿ ಹೂಡ್ಕೊಂಡು ಹೋಗ್ತಾರ್ರಿ. ಮುತ್ತು ಕಟ್ಟೂದು ಬಂದ್ ಮಾಡಾಕ ಎಷ್ಟು ಸಲ ಕಾನೂನು ಮಾಡ್ತಾರ್ರಿ? ಒಮ್ಮೆ ಮಾಡಿದ್ದು ಸಾಲಂಗಿಲ್ಲೇನ್ರಿ?"

ಒಳ್ಳೇ ಪ್ರಶ್ನೆ. ಮೂವತ್ತು ಸೆಕೆಂಡಿನಲ್ಲಿ ಉತ್ತರ ಹೇಳುವ ಪ್ರಶ್ನೆ ಅಲ್ಲ. ಅದಕ್ಕೇ ಈ ವಾರ ಡಿಬೇಟ್ ಬಿಟ್ಟು ಇತಿಹಾಸ ಹೇಳ್ತೀನಿ. ಸ್ವಲ್ಪ ಸಾವಧಾನವಾಗಿ ಕೇಳಿ.

ಮೊದಲೇ ಒಂದು ಮಾತು. ಸವದತ್ತಿಯ ಎಲ್ಲಮ್ಮನ ಬಗ್ಗೆ ಇಲ್ಲಿ ಯಾರಿಗೂ ತಕರಾರಿಲ್ಲ. "ಉಧೋ ಉಧೋ" ಅಂತ ಗುಡ್ಡ ಹತ್ತುವ ಲಕ್ಷಾಂತರ ಜನರ ಭಕ್ತಿ ಬೇರೆ. ಬಡವರ ಮನೆಯ ಹೆಣ್ಣುಮಗುವಿನ ಕೊರಳಿಗೆ ಮುತ್ತು ಕಟ್ಟಿ, ಆಮೇಲೆ ಊರಿನ ಉಳ್ಳವರ ಪಾಲಿಗೆ ಬಿಡುವ ವ್ಯವಹಾರ ಬೇರೆ. ಈ ಎರಡನ್ನೂ ಒಂದೇ ಬುಟ್ಟಿಗೆ ಹಾಕಿ ವಾದ ಮಾಡುವವರು ಎರಡೂ ಕಡೆ ಇದ್ದಾರೆ. ಅವರ ಜತೆ ಇವತ್ತು ಜಗಳ ಬೇಡ.

ಲೆಕ್ಕ ಹಾಕೋಣ. ಮೈಸೂರು ಸರ್ಕಾರ 1909ರಲ್ಲೇ ಮುಜರಾಯಿ ದೇವಸ್ಥಾನಗಳಲ್ಲಿ ದೇವದಾಸಿ ಸೇವೆ ನಿಲ್ಲಿಸುವ ಆದೇಶ ಮಾಡಿತ್ತು. ಆದರೆ ಅದು ಮೈಸೂರು ಸೀಮೆಯ ಮಾತು. ಬೆಳಗಾವಿ ಅಂದು ಮುಂಬೈ ಪ್ರಾಂತ್ಯ. ಇಲ್ಲಿಗೆ ಕಾನೂನು ಬಂದಿದ್ದು 1934ರಲ್ಲಿ, ಮುಂಬೈ ದೇವದಾಸಿ ರಕ್ಷಣಾ ಕಾಯ್ದೆ ಅನ್ನುವ ಹೆಸರಿನಲ್ಲಿ. ಹುಡುಗಿ ಒಪ್ಪಲಿ ಬಿಡಲಿ, ದೇವರಿಗೆ ಅರ್ಪಿಸುವುದು ಕಾನೂನುಬಾಹಿರ ಅಂತ ಅದು ಹೇಳಿತು. ಅದರಲ್ಲೂ ಒಂದು ವಿಚಿತ್ರ ಇತ್ತು ನೋಡಿ. ರಾಮದುರ್ಗ ಆಗ ಬ್ರಿಟಿಷ್ ಜಿಲ್ಲೆಯ ಭಾಗ ಅಲ್ಲ, ಸಂಸ್ಥಾನ. ಪ್ರಾಂತ್ಯದ ಶಾಸನಸಭೆ ಮಾಡಿದ ಕಾನೂನು ಸಂಸ್ಥಾನದ ಗಡಿ ಕಲ್ಲಿನ ಹತ್ತಿರ ನಿಂತುಬಿಡುತ್ತಿತ್ತು. ಗುಡ್ಡ ಗಡಿಯ ಆ ಕಡೆ, ಭಕ್ತರ ಊರು ಈ ಕಡೆ. 1948ರಲ್ಲಿ ರಾಮದುರ್ಗ ಮುಂಬೈ ಪ್ರಾಂತ್ಯಕ್ಕೆ ಸೇರಿತು, 1956ರಲ್ಲಿ ಎಲ್ಲರೂ ಒಟ್ಟಿಗೆ ಕನ್ನಡ ರಾಜ್ಯಕ್ಕೆ ಬಂದೆವು.

ಎರಡನೇ ಸಲ 1982. ಕರ್ನಾಟಕ ದೇವದಾಸಿ ಸಮರ್ಪಣಾ ನಿಷೇಧ ಕಾಯ್ದೆ. ಮುತ್ತು ಕಟ್ಟಿದವರಿಗೆ 3 ವರ್ಷದ ತನಕ ಜೈಲು, 2 ಸಾವಿರ ರೂಪಾಯಿ ತನಕ ದಂಡ. ಹೆತ್ತವರು, ಪೋಷಕರೇ ಮಾಡಿದ್ದರೆ 5 ವರ್ಷದ ತನಕ. ಕಾಗದದ ಮೇಲೆ ಬಿಗಿ. ಫಲಿತಾಂಶ? 1993-94ರಲ್ಲಿ ಸರ್ಕಾರವೇ ಎಣಿಸಿದಾಗ 22,873 ದೇವದಾಸಿ ಮಹಿಳೆಯರು ಸಿಕ್ಕರು. 2007-08ರಲ್ಲಿ ಮತ್ತೆ ಎಣಿಸಿದರು, ಪಟ್ಟಿಗೆ ಇನ್ನೂ 23,787 ಹೆಸರು ಸೇರಿತು. ಒಟ್ಟು 46,660. ಕಾನೂನು ಬಂದ ಮೇಲೆ ಗುಡ್ಡದ ಮೇಲೆ, ಎಲ್ಲರ ಕಣ್ಣೆದುರು ನಡೆಯುತ್ತಿದ್ದದ್ದು ಮನೆಯೊಳಗೆ, ಗುಟ್ಟಾಗಿ ನಡೆಯತೊಡಗಿತು.

ಮೂರನೇ ಸಲ 2025. ಆಗಸ್ಟ್‌ನ ಮಳೆಗಾಲದ ಅಧಿವೇಶನ.

ಈಗ ಹುಡುಗನ ಪ್ರಶ್ನೆಗೆ ಬರೋಣ. ಮೂರನೇ ಕಾನೂನು ಯಾಕೆ ಬೇಕಾಯ್ತು? ನನ್ನ ಉತ್ತರ ಇಷ್ಟು. ಮೊದಲಿನ ಎರಡು ಕಾನೂನು ಬರೆಯುವಾಗ ಮೇಜಿನ ಸುತ್ತ ಸುಧಾರಕರಿದ್ದರು, ಅಧಿಕಾರಿಗಳಿದ್ದರು, ಶಾಸಕರಿದ್ದರು. ಆ ತಾಯಂದಿರ ಮಕ್ಕಳು ಇರಲಿಲ್ಲ. ಹೀಗಾಗಿ ಮಕ್ಕಳ ಸಮಸ್ಯೆ ಕಾನೂನಿನೊಳಗೆ ಬರಲೇ ಇಲ್ಲ.

ನಾನು ಓದಿದ್ದು ಎಂಜಿನಿಯರಿಂಗ್, ವಕೀಲಿಕೆ ಅಲ್ಲ. ಆದರೆ ಸರ್ಕ್ಯೂಟ್ ಡಯಾಗ್ರಾಂ ನೋಡುವ ಕಣ್ಣಲ್ಲಿ 1982ರ ಕಾಯ್ದೆ ಓದಿ ನೋಡಿ, ವೈರ್ ಎಲ್ಲಿ ಕಟ್ ಆಗಿದೆ ಅಂತ ಕಾಣಿಸುತ್ತೆ. ದೇವದಾಸಿಯಾದವಳು ಮದುವೆ ಮಾಡಿಕೊಂಡರೆ ಆ ಮದುವೆ ಊರ್ಜಿತ, ಆ ಮದುವೆಯಿಂದ ಹುಟ್ಟಿದ ಮಕ್ಕಳು ಸಕ್ರಮ ಅಂತ ಅದು ಹೇಳುತ್ತೆ. ಭೇಷ್. ಆದರೆ ಮದುವೆ ಆದವರು ಎಷ್ಟು ಜನ? ದೇವದಾಸಿ ಪದ್ಧತಿಯ ತಿರುಳೇ ಆಕೆಗೆ ಮದುವೆ ಇಲ್ಲ ಅನ್ನೋದು. ದೇವರ ಜತೆ ಮದುವೆ ಆಗಿಹೋಗಿದೆ ಅಂತ ತಾನೆ ಮುತ್ತು ಕಟ್ಟೋದು! ಹಾಗಾದರೆ ಮದುವೆಯಿಲ್ಲದೆ ಹುಟ್ಟಿದ ಮಗು? ಅದರ ಬಗ್ಗೆ ಕಾನೂನು ಸೈಲೆಂಟ್. ಆ ಮಗುವಿಗೆ ಕಾರಣನಾದ ಗಂಡಸಿನ ಹೊಣೆ ಏನು? ಅಲ್ಲೂ ಸೈಲೆಂಟ್. ತಾಯಿಗೆ ಪುನರ್ವಸತಿ, ಮುತ್ತು ಕಟ್ಟಿದವರಿಗೆ ಜೈಲು, ಅಪ್ಪನಿಗೆ ಏನೂ ಇಲ್ಲ.

ಈ ಮೌನದ ಬೆಲೆ ತೆತ್ತವರು ಶಾಲೆಯ ಬಾಗಿಲಲ್ಲಿ ನಿಂತ ಮಕ್ಕಳು.

ನಾನು ಓದಿದ ಕಾಲೇಜಿನಲ್ಲಿ, ಹೆಸರು ಬೇಡ, ನನ್ನ ಹಿಂದೆ ಅಡ್ಮಿಷನ್ ಕ್ಯೂನಲ್ಲಿ ನಿಂತಿದ್ದ ಹುಡುಗ ಮುಂದೆ ನನ್ನ ರೂಮ್‌ಮೇಟ್ ಆದ. ಕೌಂಟರಿನಲ್ಲಿದ್ದವರು ಅವನ ಫಾರಂ ನೋಡಿ, "ತಂದೆ ಹೆಸರು ಖಾಲಿ ಬಿಟ್ಟೀಯಲ್ಲಪಾ, ಬರಿ" ಅಂದರು. "ಅವ್ವನ ಹೆಸರು ಬರದೇನ್ರಿ ಸರ" ಅಂದ. "ಅವ್ವಂದು ಆಮ್ಯಾಲೆ. ಅಪ್ಪಂದು ಹೇಳು." ಹಿಂದೆ ಇಪ್ಪತ್ತು ಜನ ನಿಂತಿದ್ದಾರೆ. ಅವನು ಎರಡು ಸೆಕೆಂಡ್ ಸುಮ್ಮನಿದ್ದು ತನ್ನ ಸೋದರಮಾವನ ಹೆಸರು ಬರೆದ. ನಾಲ್ಕು ವರ್ಷ ಪ್ರತಿ ಸೆಮಿಸ್ಟರ್ ಪರೀಕ್ಷೆ ಅರ್ಜಿಯಲ್ಲಿ ಆ ಮಾವನೇ ಅವನ ಅಪ್ಪ. ಕ್ಯಾಂಪಸ್ ಇಂಟರ್‌ವ್ಯೂಗೆ ಹೋದಾಗ ಪಿಯುಸಿ ಮಾರ್ಕ್ಸ್ ಕಾರ್ಡಲ್ಲಿ ಒಂದು ಹೆಸರು, ಕಾಲೇಜಿನ ದಾಖಲೆಯಲ್ಲಿ ಇನ್ನೊಂದು ಹೆಸರು ಬಂದು ಅಫಿಡವಿಟ್ ಮಾಡಿಸಬೇಕಾಯಿತು. ಕೌಂಟರಿನಲ್ಲಿದ್ದವರು ಕೆಟ್ಟವರೇನಲ್ಲ. ಅವರ ಮುಂದಿದ್ದ ಫಾರಂನಲ್ಲಿ ಆ ಜಾಗ ಇತ್ತು, ತುಂಬಿಸಿದರು.

ಈಗ ಕೌಂಟರೂ ಇಲ್ಲ. ಆನ್‌ಲೈನ್ ಅರ್ಜಿ. ತಂದೆಯ ಹೆಸರಿನ ಪಕ್ಕ ಒಂದು ಕೆಂಪು ಚುಕ್ಕಿ. ಅಂದರೆ ಕಡ್ಡಾಯ. ಖಾಲಿ ಬಿಟ್ಟರೆ ಮುಂದಿನ ಪುಟ ತೆರೆಯಲ್ಲ. ಗುಮಾಸ್ತನಿಗಾದರೂ ಕೈ ಮುಗಿದು ಕೇಳಬಹುದಿತ್ತು, ಕಂಪ್ಯೂಟರಿಗೆ ಕೈ ಮುಗಿದು ಏನು ಪ್ರಯೋಜನ?

ಇದು ಬರೀ ಅವಮಾನದ ಮಾತಲ್ಲ, ಹೊಟ್ಟೆಪಾಡಿನ ಮಾತು. ದೇವದಾಸಿ ಮಹಿಳೆಯರಲ್ಲಿ ಬಹುಪಾಲು ಪರಿಶಿಷ್ಟ ಜಾತಿಯವರು. ಮಕ್ಕಳಿಗೆ ವಿದ್ಯಾರ್ಥಿವೇತನ ಬೇಕು, ಹಾಸ್ಟೆಲ್ ಸೀಟು ಬೇಕು, ಮುಂದೆ ನೌಕರಿಯ ಮೀಸಲಾತಿ ಬೇಕು ಅಂದರೆ ಜಾತಿ ಪ್ರಮಾಣಪತ್ರ ಬೇಕು. ನಮ್ಮ ವ್ಯವಸ್ಥೆಯಲ್ಲಿ ಜಾತಿ ಬರೋದು ಅಪ್ಪನ ಕಡೆಯಿಂದ. ಅಪ್ಪನೇ ಇಲ್ಲದಿದ್ದರೆ? ನಾಡ ಕಚೇರಿ, ತಾಲ್ಲೂಕು ಕಚೇರಿ, ಮತ್ತೆ ನಾಡ ಕಚೇರಿ. ಅವ್ವನ ಕೂಲಿ ಹೋಯ್ತು, ಬಸ್ ಚಾರ್ಜ್ ಹೋಯ್ತು, ಅರ್ಜಿಯ ಕೊನೆ ದಿನಾಂಕವೂ ಹೋಯ್ತು.

ಇಂಥ ಕಡೆ ಒಬ್ಬ ಹದಿನಾರು ವರ್ಷದ ಹುಡುಗಿ ಯಾರ ಹತ್ತಿರ ಹೋಗಿ ಮಾತಾಡಬೇಕು? ನಮ್ಮ ರಾಜ್ಯದಲ್ಲಿ ಮಕ್ಕಳ ಗ್ರಾಮಸಭೆ ಅಂತ ಒಂದಿದೆ. 2006ರಲ್ಲಿ ಸರ್ಕಾರ ಸುತ್ತೋಲೆ ಹೊರಡಿಸಿ ಎಲ್ಲ ಗ್ರಾಮ ಪಂಚಾಯಿತಿಗಳೂ ಇದನ್ನು ನಡೆಸಬೇಕು ಅಂತು. ಅದರ ಬೇರು ಕುಂದಾಪುರ ತಾಲ್ಲೂಕಿನಲ್ಲಿದೆ. 1990ರಲ್ಲಿ ಶುರುವಾದ ಭೀಮ ಸಂಘ ಅನ್ನುವ ದುಡಿಯುವ ಮಕ್ಕಳ ಸಂಘಟನೆ, ಅದರ ಬೆನ್ನಿಗೆ ನಿಂತ ಸಿಡಬ್ಲ್ಯುಸಿ ಸಂಸ್ಥೆ ಸೇರಿ 1995ರ ಹೊತ್ತಿಗೆ ಕೆರಾಡಿ ಮುಂತಾದ ಹಳ್ಳಿಗಳಲ್ಲಿ ಮಕ್ಕಳ ಪಂಚಾಯಿತಿ ಮಾಡಿದರು. ಮಕ್ಕಳೇ ಮತ ಹಾಕಿ ಮಕ್ಕಳನ್ನೇ ಆರಿಸಿದರು. ಮಳೆಗಾಲದಲ್ಲಿ ಹಳ್ಳ ದಾಟೋಕೆ ಕಾಲುಸಂಕ ಬೇಕು ಅಂತ ಪಂಚಾಯಿತಿ ಮುಂದೆ ಲೆಕ್ಕ ಸಮೇತ ಇಟ್ಟರು. 1996ರ ಕೊನೆಗೆ ಅದೇ ಕುಂದಾಪುರದಲ್ಲಿ 33 ದೇಶಗಳ ದುಡಿಯುವ ಮಕ್ಕಳ ಪ್ರತಿನಿಧಿಗಳು ಸೇರಿ 10 ಅಂಶಗಳ ಘೋಷಣೆ ಮಾಡಿದರು. ನಮಗೆ ಸಂಬಂಧಪಟ್ಟ ಎಲ್ಲ ತೀರ್ಮಾನಗಳಲ್ಲಿ, ಊರಿನಿಂದ ಹಿಡಿದು ಅಂತರರಾಷ್ಟ್ರೀಯ ಮಟ್ಟದ ತನಕ, ನಮ್ಮನ್ನೂ ಕೇಳಿ ಅನ್ನೋದು ಅದರಲ್ಲಿ ಒಂದು. ಭಾರತ 1992ರಲ್ಲೇ ಒಪ್ಪಿಕೊಂಡಿದ್ದ ವಿಶ್ವಸಂಸ್ಥೆಯ ಮಕ್ಕಳ ಹಕ್ಕುಗಳ ಒಡಂಬಡಿಕೆಯ 12ನೇ ವಿಧಿಯ ಸಾರವೂ ಅದೇ.

ಚೆನ್ನಾಗಿದೆ. ಆದರೆ ಮಕ್ಕಳ ಗ್ರಾಮಸಭೆಗೆ ಒಂದು ಮಿತಿ ಇದೆ. ಶಾಲೆಗೆ ಶೌಚಾಲಯ ಕೇಳಬಹುದು, ಬೀದಿ ದೀಪ ಕೇಳಬಹುದು, ಸಾರಾಯಿ ಅಂಗಡಿ ತೆಗೆಸಿ ಅನ್ನಬಹುದು. ಪಂಚಾಯಿತಿ ಅಧ್ಯಕ್ಷರು ಎಷ್ಟೇ ಒಳ್ಳೆಯವರಾದರೂ ರಾಜ್ಯ ಸರ್ಕಾರ ಅಚ್ಚು ಹಾಕಿಸಿದ ಫಾರಂನಿಂದ ಒಂದು ಕಾಲಂ ತೆಗೆಯೋಕೆ ಅವರಿಗೆ ಅಧಿಕಾರ ಇಲ್ಲ. ಅದಕ್ಕೆ ಕಾನೂನು ಮಾಡುವವರ ಹತ್ತಿರವೇ ಹೋಗಬೇಕು.

ಹೋದರು. ಮೊದಲು ಹೋದವರು ತಾಯಂದಿರು. ನಮ್ಮ ಬೆಳಗಾವಿ ಜಿಲ್ಲೆಯ ಘಟಪ್ರಭಾದಲ್ಲಿ 1997ರಲ್ಲಿ ಮಾಜಿ ದೇವದಾಸಿಯರೇ ಸೇರಿ ಮಹಿಳಾ ಅಭಿವೃದ್ಧಿ ಮತ್ತು ಸಂರಕ್ಷಣಾ ಸಂಸ್ಥೆ ಕಟ್ಟಿದರು. ಜನ ಅದನ್ನು 'ಮಾಸ್' ಅಂತಲೇ ಕರೆಯೋದು. ಅದನ್ನು ಮುನ್ನಡೆಸಿದ ಸೀತವ್ವ ಜೋಡಟ್ಟಿ ಅವರಿಗೆ ಮುತ್ತು ಕಟ್ಟಿದಾಗ 7 ವರ್ಷ. 2018ರಲ್ಲಿ ರಾಷ್ಟ್ರಪತಿ ಭವನದಲ್ಲಿ ಪದ್ಮಶ್ರೀ ತಗೊಂಡರು. ಆ ಎರಡು ದಿನಗಳ ನಡುವಿನ ದಾರಿ ಎಷ್ಟು ದೂರ ಅಂತ ಕಿಲೋಮೀಟರಲ್ಲಿ ಅಳೆಯೋಕೆ ಆಗಲ್ಲ.

ಆಮೇಲೆ ಬಂದವರು ಮಕ್ಕಳು. ವಿಮುಕ್ತ ದೇವದಾಸಿ ಮಹಿಳಾ ಮತ್ತು ಮಕ್ಕಳ ವೇದಿಕೆ. ಹೆಸರು ಗಮನಿಸಿ: 'ಮತ್ತು ಮಕ್ಕಳ'. ಶಾಲೆ ಕಾಲೇಜು ಮೆಟ್ಟಿಲು ಹತ್ತಿದ ಮೊದಲ ತಲೆಮಾರು ಇದು. ಅವರ ಅವ್ವಂದಿರಿಗೆ ಮಾಸಾಶನ ಬೇಕಿತ್ತು, ಮನೆ ಬೇಕಿತ್ತು, ಸಮೀಕ್ಷೆಯಲ್ಲಿ ಬಿಟ್ಟುಹೋದವರ ಹೆಸರು ಸೇರಬೇಕಿತ್ತು. ಮಕ್ಕಳಿಗೆ ಇದರ ಜತೆ ಇನ್ನೊಂದು ಬೇಕಿತ್ತು: ನಾವು ಯಾರ ಮಕ್ಕಳು ಅನ್ನೋ ಪ್ರಶ್ನೆಯನ್ನು ಪ್ರತಿ ಕೌಂಟರಿನಲ್ಲೂ ನಮಗೇ ಕೇಳಬೇಡಿ. ಬೆಂಗಳೂರಿನ ನ್ಯಾಷನಲ್ ಲಾ ಸ್ಕೂಲ್‌ನ ಒಂದು ಕೇಂದ್ರ ಇಂಥ ಸಂಘಟನೆಗಳ ಮಾತು ಕೇಳಿಸಿಕೊಂಡು 2018ರಲ್ಲಿ ಹೊಸ ಮಸೂದೆಯ ಕರಡು ಸಿದ್ಧಮಾಡಿತು.

2018ರಿಂದ 2025. ಏಳು ವರ್ಷ. ಈ ನಡುವೆ ಸರ್ಕಾರಗಳು ಬದಲಾದವು, ಮುಖ್ಯಮಂತ್ರಿಗಳು ಬದಲಾದರು, ಒಂದು ಕೊರೊನಾ ಬಂದು ಹೋಯ್ತು. ಹತ್ತನೇ ಕ್ಲಾಸಲ್ಲಿದ್ದ ಹುಡುಗಿ ಡಿಗ್ರಿ ಮುಗಿಸಿ ಕೆಲಸ ಹುಡುಕುವಷ್ಟು ಕಾಲ. ಸರ್ಕಾರ ಏನೂ ಮಾಡಲಿಲ್ಲ ಅಂತಲ್ಲ. ದೇವದಾಸಿಯರ ಹೆಣ್ಣುಮಕ್ಕಳ ಮದುವೆಗೆ 5 ಲಕ್ಷ, ಗಂಡುಮಕ್ಕಳ ಮದುವೆಗೆ 3 ಲಕ್ಷ ರೂಪಾಯಿ ಪ್ರೋತ್ಸಾಹಧನದ ಯೋಜನೆ ತಂತು. ಉದ್ದೇಶ ಒಳ್ಳೆಯದೇ ಇರಬಹುದು. ಆದರೂ ನನಗೆ ಒಂದು ಮುಜುಗರ ಇದೆ. ಮಕ್ಕಳು ಕೇಳಿದ್ದು ಹೆಸರಿನ ಹಕ್ಕು, ದೊಡ್ಡವರಿಗೆ ಕೇಳಿಸಿದ್ದು ಮದುವೆಯ ಖರ್ಚು.

ಹೊರಗಿನ ಪ್ರಪಂಚ ಅಷ್ಟರಲ್ಲಿ ಸರಿಯುತ್ತಿತ್ತು. ಮದುವೆಯಾಗದ ತಾಯಿ ಮಗುವಿನ ಅಪ್ಪನ ಹೆಸರು ಹೇಳದೆಯೇ ಪೋಷಕಿ ಆಗಬಹುದು ಅಂತ ಸುಪ್ರೀಂ ಕೋರ್ಟ್ 2015ರ ಜುಲೈನಲ್ಲಿ ಹೇಳಿತು. 2016ರ ಡಿಸೆಂಬರ್‌ನಲ್ಲಿ ಪಾಸ್‌ಪೋರ್ಟ್ ನಿಯಮ ಬದಲಾಯಿತು, ತಂದೆ ತಾಯಿ ಇಬ್ಬರಲ್ಲಿ ಒಬ್ಬರ ಹೆಸರು ಸಾಕು. 2018ರ ಡಿಸೆಂಬರ್‌ನಲ್ಲಿ ಪ್ಯಾನ್ ಕಾರ್ಡ್ ಅರ್ಜಿಯಲ್ಲೂ ಒಂಟಿ ತಾಯಿಯ ಮಕ್ಕಳಿಗೆ ಅಪ್ಪನ ಹೆಸರು ಕಡ್ಡಾಯ ಅಲ್ಲ ಅಂತಾಯ್ತು. ನಮ್ಮ ಪಕ್ಕದ ಮಹಾರಾಷ್ಟ್ರದಲ್ಲಿ 2024ರ ಮೇ 1ರಿಂದ ಸರ್ಕಾರಿ ದಾಖಲೆಯಲ್ಲಿ ಮಗುವಿನ ಹೆಸರಿನ ಬೆನ್ನಿಗೆ ಮೊದಲು ತಾಯಿಯ ಹೆಸರು, ಆಮೇಲೆ ತಂದೆಯ ಹೆಸರು. ಅಂದರೆ ನಮ್ಮ ಹುಡುಗ ಪಾಸ್‌ಪೋರ್ಟ್ ತಗೊಂಡು ದುಬೈಗೆ ಹೋಗಬಹುದು, ಊರಿನ ಹಾಸ್ಟೆಲ್ ಸೀಟಿಗೆ ಮಾತ್ರ ಒದ್ದಾಡಬೇಕು! ಇದು ತಮಾಷೆ ಅಲ್ಲ, ಎಷ್ಟೋ ವರ್ಷ ಇದ್ದ ಸ್ಥಿತಿ.

ಇಲ್ಲಿ ಒಬ್ಬರನ್ನು ನೆನೆಯಲೇಬೇಕು. ಮುತ್ತುಲಕ್ಷ್ಮಿ ರೆಡ್ಡಿ. 1886ರಲ್ಲಿ ಪುದುಕೋಟೆ ಸಂಸ್ಥಾನದಲ್ಲಿ ಹುಟ್ಟಿದರು. ಅವರ ತಾಯಿ ದೇವದಾಸಿ ಮನೆತನದವರು. ಗಂಡುಮಕ್ಕಳ ಕಾಲೇಜಿನಲ್ಲಿ ಕೂತು ಓದಿದರು, 1912ರಲ್ಲಿ ಡಾಕ್ಟರ್ ಆದರು. 1927ರಲ್ಲಿ ಮದ್ರಾಸ್ ಶಾಸನ ಪರಿಷತ್ತಿಗೆ ಹೋಗಿ ಉಪಾಧ್ಯಕ್ಷೆಯೂ ಆದರು. ಬ್ರಿಟಿಷ್ ಭಾರತದ ಮೊದಲ ಶಾಸಕಿ. ಅದೇ ವರ್ಷ ದೇವದಾಸಿ ಪದ್ಧತಿ ನಿಲ್ಲಿಸಿ ಅನ್ನೋ ನಿರ್ಣಯ ಮಂಡಿಸಿದರು. 1929ರ ತಿದ್ದುಪಡಿಯಿಂದ ಇನಾಂ ಜಮೀನಿನ ಗಂಟು ಬಿಡಿಸಿದರು: ದೇವಸ್ಥಾನದಲ್ಲಿ ಸೇವೆ ಮಾಡಿದರೆ ಮಾತ್ರ ಜಮೀನು ಅನ್ನೋ ಷರತ್ತು ಹೋಯ್ತು, ಹೊಟ್ಟೆಪಾಡಿಗಾಗಿ ಮಗಳನ್ನು ಬಿಡುವ ಕಾರಣವೇ ಹೋಯ್ತು. ಮುತ್ತು ಕಟ್ಟಬೇಡಿ ಅಂತ ಬೈಯುವವರು ಬಹಳ, ಜಮೀನಿನ ಕಟ್ಟು ಬಿಚ್ಚಬೇಕು ಅಂತ ಆ ಮನೆಯಲ್ಲಿ ಹುಟ್ಟಿದವರಿಗೆ ಗೊತ್ತಿತ್ತು. ಪೂರ್ತಿ ನಿಷೇಧದ ಕಾನೂನು ಬಂದಿದ್ದು 1947ರಲ್ಲಿ. ಇಪ್ಪತ್ತು ವರ್ಷ ಕಾಯಬೇಕಾಯ್ತು. ಶಾಸನಸಭೆಯ ಒಳಗೇ ಕೂತ ಮಗಳಿಗೇ ಇಪ್ಪತ್ತು ವರ್ಷ. ಸಭೆಯ ಹೊರಗೆ ಮನವಿ ಪತ್ರ ಹಿಡಿದು ನಿಂತ ನಮ್ಮ ಮಕ್ಕಳ ಕಥೆ ಇನ್ನೇನು?

ಅಂತೂ 2025ರ ಆಗಸ್ಟ್‌ನಲ್ಲಿ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಸಚಿವೆ ಲಕ್ಷ್ಮೀ ಹೆಬ್ಬಾಳಕರ್ ಅವರ ಇಲಾಖೆಯ ಮಸೂದೆ ಸದನದಲ್ಲಿ ಪಾಸಾಯಿತು. ಅವರು ಬೆಳಗಾವಿ ಗ್ರಾಮೀಣ ಕ್ಷೇತ್ರದವರು, ಗುಡ್ಡ ಇರೋ ಜಿಲ್ಲೆಯವರೇ. ಸುವರ್ಣ ವಿಧಾನಸೌಧ 2012ರಿಂದ ಇದೇ ಜಿಲ್ಲೆಯಲ್ಲಿದೆ, ಪ್ರತಿ ಚಳಿಗಾಲದಲ್ಲಿ ಅದರ ಹೊರಗೆ ಪ್ರತಿಭಟನೆಯ ಟೆಂಟ್‌ಗಳೂ ಏಳುತ್ತವೆ. ಆದರೆ ಸವದತ್ತಿಗೆ ಅತಿ ಹೆಚ್ಚು ಸಂಬಂಧಪಟ್ಟ ಈ ಕಾನೂನು ಆಗಿದ್ದು ಬೆಂಗಳೂರಿನಲ್ಲಿ. ಇರಲಿ, ಆಯ್ತಲ್ಲ.

ಏನು ಬದಲಾಯ್ತು? ನಿಷೇಧ, ಶಿಕ್ಷೆ ಹಳೆಯ ಕಾಯ್ದೆಯಲ್ಲೂ ಇತ್ತು. ಹೊಸದು ಮಕ್ಕಳ ಭಾಗ. ದೇವದಾಸಿಯ ಮಗು ಮದುವೆ ಇದ್ದರೂ ಇಲ್ಲದಿದ್ದರೂ ಸಕ್ರಮ. ಅರ್ಜಿ, ದಾಖಲೆಗಳಲ್ಲಿ ತಂದೆಯ ಹೆಸರಿಗೆ ಒತ್ತಾಯ ಮಾಡುವಂತಿಲ್ಲ. ಮಗು ತಾನಾಗಿ ತಂದೆ ಯಾರೆಂದು ಗುರುತಿಸಬೇಕು ಅಂತ ಬಯಸಿದರೆ ಅದಕ್ಕೂ ದಾರಿ ಇದೆ, ಆತ ಅಲ್ಲಗಳೆದರೆ ಡಿಎನ್‌ಎ ಪರೀಕ್ಷೆ ತನಕ. ತಂದೆ ಅಂತ ಸಾಬೀತಾದರೆ ಆಸ್ತಿಯ ಹಕ್ಕೂ ಬರುತ್ತೆ.

ಈ ಎರಡು ಮಾತನ್ನು ಅಕ್ಕಪಕ್ಕ ಇಟ್ಟು ನೋಡಿ. ಒಂದು, ಅಪ್ಪನ ಹೆಸರು ಹೇಳಬೇಕಾಗಿಲ್ಲ. ಇನ್ನೊಂದು, ಬೇಕಿದ್ದರೆ ಅಪ್ಪನನ್ನು ಕಟೆಕಟೆಗೆ ತರಬಹುದು. ದೊಡ್ಡವರು ಮಾತ್ರ ಕೂತು ಬರೆದಿದ್ದರೆ ಇವೆರಡರಲ್ಲಿ ಒಂದನ್ನು ಆರಿಸುತ್ತಿದ್ದರು. ಅಯ್ಯೋ ಪಾಪ, ಕಾಲಂ ತೆಗೆದುಬಿಡೋಣ ಅನ್ನುತ್ತಿದ್ದರು, ಊರಿನ ಗೌಡರಿಗೂ ನೆಮ್ಮದಿ ಆಗುತ್ತಿತ್ತು. ಅಥವಾ ಅಪ್ಪ ಯಾರು ಹೇಳಲೇಬೇಕು ಅಂತ ಮಗುವಿನ ಬೆನ್ನು ಬೀಳುತ್ತಿದ್ದರು. ಹೇಳೋದೋ ಬಿಡೋದೋ ಅನ್ನುವ ಆಯ್ಕೆ ಮಗುವಿನ ಕೈಯಲ್ಲೇ ಇರಲಿ ಅನ್ನೋದು ಆ ಕ್ಯೂನಲ್ಲಿ ನಿಂತವರಿಗೆ ಮಾತ್ರ ಹೊಳೆಯುವ ಮಾತು. ನನಗಂತೂ ಈ ಕಾಯ್ದೆಯಲ್ಲಿ ಮಕ್ಕಳ ಕೈಬರಹ ಕಾಣೋದು ಇಲ್ಲೇ.

ಡಿಎನ್‌ಎ ಪರೀಕ್ಷೆ ಸುಲಭ ಅಂತ ಯಾರೂ ತಿಳಿಯಬೇಡಿ. ಅದೇ ಊರಲ್ಲಿ ಇರಬೇಕು, ಅದೇ ಮನುಷ್ಯನ ಹೊಲದಲ್ಲಿ ಅವ್ವ ಕೂಲಿ ಮಾಡಬೇಕು, ಅವನ ಮೇಲೆ ಮಗ ಅರ್ಜಿ ಹಾಕಬೇಕು. ಎಷ್ಟು ಜನ ಹಾಕ್ತಾರೆ? ಬಹಳ ಜನ ಹಾಕಲಿಕ್ಕಿಲ್ಲ. ಆದರೆ ಹಾಕಬಹುದು ಅನ್ನೋದು ಊರಿಗೆ ಗೊತ್ತಾದರೆ ಅದೂ ಒಂದು ಬದಲಾವಣೆಯೇ. 91 ವರ್ಷ ಎರಡು ಕಾನೂನಿನಲ್ಲಿ ಹೆಸರಿಲ್ಲದೆ ಓಡಾಡಿದ ಗಂಡಸು ಈಗ ಮೊದಲ ಸಲ ಕಾನೂನಿನ ಪುಟದೊಳಗೆ ಬಂದಿದ್ದಾನೆ.

ಸಾಲಹಳ್ಳಿಯ ತಮ್ಮಾ, ನಿನ್ನ ಪ್ರಶ್ನೆಗೆ ಇದು ಉತ್ತರ. ಇನ್ನೊಂದು ಕೆಲಸದ ಮಾತು. ನಿನ್ನ ಕ್ಲಾಸಿನಲ್ಲಿ, ನಿನ್ನ ಓಣಿಯಲ್ಲಿ ಯಾರಿಗಾದರೂ ಸ್ಕಾಲರ್‌ಶಿಪ್ ಅರ್ಜಿಯಲ್ಲಿ, ಜಾತಿ ಪ್ರಮಾಣಪತ್ರದ ಅರ್ಜಿಯಲ್ಲಿ ಆ ಕಾಲಂ ಇನ್ನೂ ಕೆಂಪು ಚುಕ್ಕಿ ಹೊತ್ತು ಕೂತಿದ್ದರೆ ಸ್ಕ್ರೀನ್‌ಶಾಟ್ ತೆಗೆ. ಅರ್ಜಿಯ ಹೆಸರು, ಇಲಾಖೆ, ದಿನಾಂಕ ಇರಲಿ. ಹುಡುಗ ಹುಡುಗಿಯ ಹೆಸರು ಬೇಡ, ಮರೆಮಾಡು. ತಾಲ್ಲೂಕು ಕಚೇರಿಗೆ ಒಂದು ಕೊಟ್ಟು ಸ್ವೀಕೃತಿ ಇಸ್ಕೋ, ನಿಮ್ಮ ಶಾಸಕರ ಕಚೇರಿಗೆ ಒಂದು ಕೊಡು, ನಮ್ಮ ನಂಬರಿಗೆ ಒಂದು ಕಳಿಸು. ಡಿಸೆಂಬರ್ ಅಧಿವೇಶನಕ್ಕೆ ಸಚಿವರು ಬೆಳಗಾವಿಗೆ ಬಂದಾಗ ಮೈಕ್ ಹಿಡಿದು ಕೇಳೋಕೆ ನಮಗೂ ಕೈಯಲ್ಲಿ ಕಾಗದ ಬೇಕು.